ಅಪ್ಪನಿಗೆ ಟರ್ನ್ ಡೌನ್ ಕಲಿಸಿದ್ದು

ಬಸವಕಲ್ಯಾಣದಲ್ಲಿ ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ನಾನು ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ. ಸಂಜೆ ಹೊತ್ತಿನ ಕ್ಲಾಸು. ಬರುವವರೆಲ್ಲ ಹಗಲು ದುಡಿದು ಬಂದವರು: ಮೊಬೈಲ್ ಅಂಗಡಿಯ ಹುಡುಗರು, ಹುಲಸೂರಿನಿಂದ ಬಸ್ಸಿಗೆ ಬರುವ ಅಂಗನವಾಡಿ ಟೀಚರುಗಳು, ದವಾಖಾನೆಯ ನರ್ಸುಗಳು. ವ್ಯಾಕರಣ ಅಂದರೆ ಇವರಿಗೆ ನಿದ್ದೆ ಬರುತ್ತದೆ. ಫ್ರೇಸಲ್ ವರ್ಬ್ ಅಂದರೆ ಮಾತ್ರ ನೆಟ್ಟಗೆ ಕೂರುತ್ತಾರೆ. ಎರಡು ಸಣ್ಣ ಶಬ್ದ ಜೋಡಿಸಿದರೆ ಮೂರನೆಯದೇ ಒಂದು ಅರ್ಥ ಬರುತ್ತದಲ್ಲ, ಅದು ಅವರಿಗೆ ಪುಕ್ಕಟೆ ಸಿಕ್ಕ ಮಾಲಿನ ಹಾಗೆ ಕಾಣುತ್ತದೆ.

ಅವತ್ತು ಬೋರ್ಡಿನ ಮೇಲೆ 'ಟರ್ನ್ ಡೌನ್' ಅಂತ ಬರೆದಿದ್ದೆ. ಟರ್ನ್ ಅಂದರೆ ತಿರುಗಿಸು, ಡೌನ್ ಅಂದರೆ ಕೆಳಗೆ. ಎರಡೂ ಕೂಡಿದಾಗ, ಯಾರಾದರೂ ಏನನ್ನಾದರೂ ಕೊಡಲು ಬಂದರೆ, ಕರೆಯಲು ಬಂದರೆ, ಕೇಳಲು ಬಂದರೆ, 'ಬೇಡ, ಆಗುವುದಿಲ್ಲ' ಅಂತ ನೇರವಾಗಿ ಹೇಳುವುದು. ಜಗಳವಾಡಬೇಕಿಲ್ಲ, ಹೇಳಿದರೆ ಸಾಕು. ಉದಾಹರಣೆಗೆ 'ಹಿ ಟರ್ನ್ಡ್ ಡೌನ್ ದ ಟೀ', ಅವನು ಚಹಾ ಬೇಡವೆಂದ.

ಮೊಬೈಲ್ ಅಂಗಡಿಯ ಹುಡುಗನೊಬ್ಬ ನಿಧಾನಕ್ಕೆ ಕೈ ಎತ್ತಿದ.

"ಚಹಾ ಬ್ಯಾಡಂದ್ನೇನ್ರಿ? ಅವರ ಮನ್ಯಾಗೇ ಕೂತು?"

"ಹೌದು."

"ಮತ್ತ ಆ ಮನಿಗಿ ಮುಂದ ಹ್ಯಾಂಗ ಹೋಗ್ತಾನ್ರಿ ಅವ?"

ಎಲ್ಲರೂ ನನ್ನ ಮುಖ ನೋಡಿದರು. ನಮ್ಮ ಕಡೆ ಚಹಾ ಬೇಡ ಅನ್ನುವವರು ಇಲ್ಲವೆಂದಲ್ಲ, ಆದರೆ ಬೇಡ ಅನ್ನುವ ಶಬ್ದ ಬಳಸಿ ಯಾರೂ ಬೇಡ ಅನ್ನುವುದಿಲ್ಲ. 'ಈಗೇ ಕುಡುದು ಬಂದೇನ್ರಿ' ಅಂದರೆ ಇನ್ನೊಮ್ಮೆ ಕೇಳಿ ಅಂತ. 'ಯಾಕ ತ್ರಾಸ ಮಾಡ್ಕೋತೀರಿ' ಅಂದರೆ ಸಕ್ಕರೆ ಜಾಸ್ತಿ ಇರಲಿ ಅಂತ. ಇವೆಲ್ಲವನ್ನೂ ದಾಟಿ, ಇನ್ನು ಒಂದು ಹನಿಯೂ ಹೊಟ್ಟೆಗೆ ಇಳಿಯುವುದಿಲ್ಲ ಅನ್ನುವಾಗ ಆಡುವ ಕಟ್ಟಕಡೆಯ, ಅತಿ ಕಠೋರವಾದ ನಿರಾಕರಣೆ 'ಅರ್ಧಾ ಕೊಡ್ರಿ' ಅನ್ನುವುದು. ಅದಕ್ಕೂ ಪೂರ್ತಿ ಕಪ್ಪೇ ಬರುತ್ತದೆ, ಆ ಮಾತು ಬೇರೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ನರ್ಸ್ ಹುಡುಗಿ ಆಗಲೇ ತನ್ನದೊಂದು ವಾಕ್ಯ ಮಾಡಿಬಿಟ್ಟಿದ್ದಳು. ಅವಳು ನನ್ನ ತವರುಮನೆಯ ಪಕ್ಕದ ಮನೆಯವಳು. ತವರೆಂದರೆ ದೂರವೇನಲ್ಲ, ಇದೇ ಊರಿನ ಎರಡು ಗಲ್ಲಿ ಆಚೆ. ಅವಳ ಅಪ್ಪ ಊರ ಹೊರಗಿನ ತುಸು ಹೊಲದಲ್ಲಿ ತೊಗರಿ, ಸೋಯಾ ಬೆಳೆಯುತ್ತಾನೆ, ಉಳಿದ ದಿನ ಬೇರೆಯವರ ಹೊಲಕ್ಕೆ ಹೋಗುತ್ತಾನೆ. ಹಾಗೆ ದುಡಿದೇ ಮಗಳನ್ನು ನರ್ಸಿಂಗ್ ಓದಿಸಿದ್ದ. ಅವಳಿಗೆ ಹುಮನಾಬಾದಿನ ಒಂದು ಸಂಬಂಧ ಕೂಡಿಬರುತ್ತಿತ್ತು. ಹುಡುಗ ಇವಳಿಗೆ ಹಿಡಿಸಿದ್ದ, ಇವಳು ಹುಡುಗನಿಗೆ ಹಿಡಿಸಿದ್ದಳು, ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದುದು ಇಬ್ಬರ ಮನೆಯವರಿಗೂ ಗೊತ್ತಿತ್ತು, ಯಾರಿಗೂ ಗೊತ್ತಿಲ್ಲ ಎಂಬಂತೆ ಎಲ್ಲರೂ ಇದ್ದರು.

ಅವಳ ವಾಕ್ಯ ಹೀಗಿತ್ತು: 'ಆಫ್ಟರ್ ಮ್ಯಾರೇಜ್ ಐ ವಿಲ್ ನಾಟ್ ಟರ್ನ್ ಡೌನ್ ಮೈ ಜಾಬ್.'

ನಾನು ತಿದ್ದಿದೆ. ಕೈಯಲ್ಲಿರುವುದನ್ನು ಬಿಟ್ಟರೆ ಅದು ಟರ್ನ್ ಡೌನ್ ಅಲ್ಲ, ಗಿವ್ ಅಪ್. ಎದುರಿನವರು ಮುಂದಿಟ್ಟಿದ್ದನ್ನು ಬೇಡ ಅಂದರೆ ಟರ್ನ್ ಡೌನ್. ಅವಳು ಪೆನ್ನು ಕಚ್ಚುತ್ತ ಯೋಚನೆ ಮಾಡಿದಳು.

"ಹಂಗಾದ್ರ ಅಕ್ಕಾ, ನೌಕರಿ ಬಿಡು ಅಂತ ಅವರು ಕೇಳಿದ್ರ, ಆಗಂಗಿಲ್ಲ ಅಂದ್ರ, ಅವರ ಮಾತು ಟರ್ನ್ ಡೌನ್ ಮಾಡಿದಂಗ ಆತಲ್ರಿ?"

"ಹಂಗ ಆತು."

"ಅದನ್ನ ಯಾರ್ ಮಾಡಬೇಕ್ರಿ?"

ಲಗ್ನದ ಮಾತುಕತೆಯಲ್ಲಿ ಹುಡುಗಿ ಮಾತಾಡುವಂತಿಲ್ಲ, ಹುಡುಗ ಮಾತಾಡುವಂತಿಲ್ಲ, ಅವರ ತಂದೆತಾಯಿಗಳೂ ಬಾಯಿ ಬಿಡುವಂತಿಲ್ಲ. ಪ್ರತಿ ಕಡೆಯವರೂ ಒಬ್ಬ ಹಿರಿಯನನ್ನು ಕರೆತರುತ್ತಾರೆ. ತಂದೆಯಾದವನು ಹಿರಿಯನ ಕಿವಿಯಲ್ಲಿ ಪಿಸುಗುಡಬೇಕು, ಹಿರಿಯ ಅದನ್ನು ಗಟ್ಟಿಯಾಗಿ ಹೇಳಬೇಕು. ಅವನು ಹೇಳಿದ್ದೇ ಆ ಮನೆಯ ಮಾತು. ಅಂದರೆ ಟರ್ನ್ ಡೌನ್ ಮಾಡಬೇಕಾದವನು ಹೆಣ್ಣಿನ ಕಡೆಯ ಹಿರಿಯ.

ಮತ್ತು ಆ ಹಿರಿಯ ನಮ್ಮಪ್ಪ.

ಕ್ಲಾಸು ಮುಗಿದ ಮೇಲೆ ಹುಡುಗಿ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಐತವಾರ ಮಾತುಕತಿ ಅದ. ಅಷ್ಟರಾಗ ಕಾಕಾಗ ಹ್ಯಾಂಗರೆ ಮಾಡಿ ಟರ್ನ್ ಡೌನ್ ಕಲಸ್ರಿ." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಹೂಂ ಅಂದೆ, ಆದರೆ ನಮ್ಮಪ್ಪನನ್ನು ನಾನು ಬಲ್ಲೆ.

ಅಪ್ಪ ಬಸವಕಲ್ಯಾಣ–ಹುಮನಾಬಾದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವನು. ಇಡೀ ಸರ್ವೀಸಿನಲ್ಲಿ 'ಜಾಗಾ ಇಲ್ಲ' ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ರಾಜೇಶ್ವರದ ಸ್ಟಾಪಿನಲ್ಲಿ ಒಂದು ದಿಬ್ಬಣ ನಿಂತಿದ್ದರೂ, "ಬರ್ರಿ ಬರ್ರಿ, ಜಾಗಾ ಇರಂಗಿಲ್ಲ, ಮಾಡ್ಕೋಬೇಕು" ಅಂತ ಹತ್ತಿಸಿಕೊಳ್ಳುತ್ತಿದ್ದ. ಆ ದಾರಿಯ ಮಂದಿಗೆಲ್ಲ ಅವನ ಮೇಲೆ ಬಹಳ ಅಕ್ಕರೆ. ಅದಕ್ಕೇ ಎಲ್ಲರೂ ಅವನನ್ನು ಹಿರಿಯನಾಗು ಅಂತ ಕರೆಯುತ್ತಾರೆ, ಮತ್ತು ಅವನು ಎಲ್ಲದಕ್ಕೂ "ಆಗಲಿ" ಅನ್ನುತ್ತಾನೆ.

ಈ 'ಆಗಲಿ'ಯ ಫಲವನ್ನು ನೋಡಬೇಕಾದರೆ ನಮ್ಮ ತವರುಮನೆಗೆ ಬರಬೇಕು. ಪಡಸಾಲೆಯಲ್ಲಿ ಒಂದು ಕಬ್ಬಿಣದ ಮಂಚ ಗೋಡೆಗೆ ಆನಿಸಿ ನಿಂತಿದೆ. ಎರಡು ದಿನದ ಮಟ್ಟಿಗೆ ಇಟ್ಟುಕೊಳ್ಳಿ ಅಂತ ಯಾರೋ ಬಿಟ್ಟುಹೋದದ್ದು, ನನ್ನ ಮಕ್ಕಳು ಹುಟ್ಟುವ ಮೊದಲಿನ ಮಾತು. ಯಾವುದೋ ಬ್ಯಾಂಡ್ ಕಂಪನಿಯ ದೊಡ್ಡ ಡೋಲು ಇದೆ. ಅವ್ವ ಅದರ ಮೇಲೆ ಹಪ್ಪಳ ಒಣಗಿಸುತ್ತಾಳೆ. ಗಲ್ಲಿಯ ಅರ್ಧ ಮನೆಗಳ ಕೀಲಿಕೈಗಳು ನಮ್ಮ ಮೊಳೆಗೆ ನೇತಾಡುತ್ತವೆ. ಅಪ್ಪ ಕ್ರಿಕೆಟ್ ಸಂಘವೊಂದರ ಅಧ್ಯಕ್ಷ, ಆಟ ಹೇಗೆ ಆಡುತ್ತಾರೆ ಅನ್ನುವುದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಹುಡುಗಿಯ ಮಾತು ಹೇಳಲು ಅವತ್ತೇ ಅಪ್ಪನ ಮನೆಗೆ ಹೋದೆ. ಅಪ್ಪ ತಲೆ ಕೆರೆದುಕೊಳ್ಳುತ್ತ ಕೂತಿದ್ದ. ಹೆಗಲ ಮೇಲೆ ಎರಡು ಹೊಸ ಟಾವೆಲು, ಒಂದು ಹಳದಿ, ಒಂದು ಬಿಳಿ.

"ಹಳದಿ ಬಾಜೂ ಮನಿಯವರು ಕೊಟ್ರು, ಹಿರ್ಯಾ ಆಗು ಅಂತ," ಅಂದ.

"ಬಿಳೀದು?"

ಅಪ್ಪ ಮಂಚದ ಕಡೆ ನೋಡಿದ. ಒಳಗಿಂದ ಅವ್ವ ಕೂಗಿ ಹೇಳಿದಳು: "ಗಂಡಿನ ಕಡಿಯವರದು! ಅವರಿಗೂ ಹೂಂ ಅಂದಾನ ನಿಮ್ಮಪ್ಪ!"

ಹುಡುಗನ ತಂದೆ ಬೇರೆ ಯಾರೂ ಅಲ್ಲ, ಅಪ್ಪನ ಬಸ್ಸಿನ ಹಳೆಯ ಡ್ರೈವರ್. ಹುಮನಾಬಾದಿನವರು. ಇಬ್ಬರೂ ವರ್ಷಾನುಗಟ್ಟಲೆ ಒಂದೇ ಬಸ್ಸಿನಲ್ಲಿ ಧೂಳು ತಿಂದವರು. ಡ್ರೈವರ್ ಕಾಕಾ ಟಾವೆಲು ಹಿಡಿದು ಬಂದು, "ನನ್ನ ಮಗನ ಮಾತುಕತಿಗಿ ನಿನ್ನ ಬಿಟ್ರ ಹಿರ್ಯಾ ಯಾರಪಾ ನಂಗ" ಅಂದಾಗ ಅಪ್ಪ ಏನಂದಿರಬಹುದು? ಆಗಲಿ ಅಂದ. ನಾನು ಆ ಕಡೆ ಈ ಕಡೆ ಎರಡೂ ಹ್ಯಾಗೆ ಆಗುತ್ತೀ ಅಂತ ಕೂಗಾಡಿದೆ. ಬಂದವರಿಗೆ ಇಲ್ಲ ಅನ್ನಲು ಬರುವುದಿಲ್ಲವಲ್ಲ ಯವ್ವಾ ಅಂದ. ಇನ್ನೂ ಸೋಜಿಗವೆಂದರೆ ಎರಡೂ ಮನೆಯವರಿಗೆ ಈ ಸುದ್ದಿ ಗೊತ್ತಾದಾಗ ಅವರೂ ಬೇಡ ಅನ್ನಲಿಲ್ಲ. 'ಚಲೋನೇ ಆತು, ಎರಡೂ ಕಡಿ ಮನಿ ಮನುಷ್ಯಾನೇ ಅದಾನ' ಅಂದರಂತೆ. ಇಡೀ ತಾಲೂಕಿನಲ್ಲೇ ಟರ್ನ್ ಡೌನ್ ಮಾಡಬಲ್ಲ ಒಂದು ನರಪಿಳ್ಳೆ ಇರಲಿಲ್ಲ.

ಆ ವಾರ ದಿನಾ ಹೋಗಿ ಅಪ್ಪನಿಗೆ ಪಾಠ ಮಾಡಿದೆ. ಮೊದಲು ಚಹಾದಿಂದ ಶುರು. ಅವ್ವ ಕಪ್ಪು ಹಿಡಿದು ಬರಬೇಕು, ಅಪ್ಪ ಬೇಡ ಅನ್ನಬೇಕು, ಅಷ್ಟೇ. ಅವ್ವ ಬಂದಳು, "ಚಹಾ ತಗೋರಿ" ಅಂದಳು. ಅಪ್ಪ ಬಹಳ ಹೊತ್ತು ಆ ಕಪ್ಪನ್ನು ನೋಡಿದ. ತುಟಿ ಅಲ್ಲಾಡಿದವು. "ಬ್ಯಾ..." ಅಂದ. ನಾನು ಉಸಿರು ಹಿಡಿದೆ. "ಬ್ಯಾರೆ ಯಾರಿಗರೆ ಕೊಟ್ಟೇನು, ಇಲ್ಲಿಡು" ಅಂದವನೇ ತಾನೇ ಕುಡಿದ.

ಮಾರನೆಯ ದಿನ ಬಾಗಿಲಿಗೆ ಕಸಬರಿಗೆ ಮಾರುವವಳು ಬಂದಳು. ಇದೇ ಪರೀಕ್ಷೆ ಅಂತ ಅಪ್ಪನನ್ನು ಕಳಿಸಿದೆ. ಅವಳ ತಲೆಯ ಮೇಲಿನ ಹೊರೆಯೆಲ್ಲ ನಮ್ಮ ಪಡಸಾಲೆಗೆ ಬಂತು. ಅವ್ವ ಇವತ್ತಿಗೂ ಅವುಗಳನ್ನೇ ಎಲ್ಲರಿಗೂ ಹಂಚುತ್ತಿದ್ದಾಳೆ, ಅವುಗಳನ್ನೂ ಯಾರೂ ಬೇಡ ಅನ್ನುವುದಿಲ್ಲ. ಇನ್ನೊಂದು ದಿನ ಸಾಲ ಬೇಕೇನ್ರಿ ಅಂತ ಯಾವುದೋ ಊರಿನ ಹುಡುಗಿ ಫೋನ್ ಮಾಡಿದಳು. ಅಪ್ಪ ಅವಳ ಊಟ ಆಯಿತಾ ಕೇಳಿದ, ಅವಳ ಅಪ್ಪ ಅವ್ವ ಆರಾಮ ಇದ್ದಾರಾ ಕೇಳಿದ, ಸಾಲದ ಹತ್ತಿರ ಬಂದ ಕೂಡಲೇ ಹೆದರಿ ಫೋನನ್ನು ಅವ್ವನ ಕೈಗೆ ಕೊಟ್ಟ. "ಬ್ಯಾಡ," ಅಂದಳು ಅವ್ವ. ಫೋನ್ ಇಟ್ಟಳು.

"ನೋಡು, ಇದೇ ಟರ್ನ್ ಡೌನ್," ಅಂದೆ.

"ಆ ಹುಡುಗಿ ಮನಸಿಗಿ ಎಷ್ಟ ಕೆಟ್ಟ ಅನಸಿತೋ ಏನೋ," ಅಂದ ಅಪ್ಪ.

ನನಗೆ ರೇಗಿತು. ನೀನು ಒಳ್ಳೆಯವನು ಅನ್ನಿಸಿಕೊಳ್ಳುವ ಖರ್ಚನ್ನೆಲ್ಲ ಬೇರೆಯವರ ಲೆಕ್ಕಕ್ಕೆ ಹಚ್ಚುತ್ತೀ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ನನ್ನ ಲಗ್ನದ ಮಾತುಕತೆಯ ನೆನಪಾಗಿತ್ತು. ಆಗ ನಾನು ರಾಜೇಶ್ವರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ದಿನಾ ಅಪ್ಪನ ಬಸ್ಸಿನಲ್ಲೇ ಹೋಗಿಬರುತ್ತಿದ್ದೆ. ಲಗ್ನವಾದ ಮೇಲೆ ಹೋಗಲಿಲ್ಲ. ಆ ಮಾತು ಮನೆಯಲ್ಲಿ ಮತ್ತೆ ಯಾರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಐತವಾರದ ಹಿಂದಿನ ದಿನ, ಶನಿವಾರ, ಹುಡುಗಿಯೇ ಬಂದು ಅಪ್ಪನ ಮುಂದೆ ಕೂತಳು.

"ಕಾಕಾ, ಅವರು ನೌಕರಿ ಬಿಡು ಅಂದ್ರ ಇಲ್ಲ ಅಂತೀರಲ್ರಿ?"

"ಹೂಂ," ಅಂದ ಅಪ್ಪ.

"ಖರೇ ಅಂತೀರಲ್ಲ?"

"ಹೂಂನವ್ವಾ."

ಅವಳು ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ಅಪ್ಪ ಹೂಂ ಅಂದದ್ದರಿಂದ ನಮ್ಮಿಬ್ಬರಿಗೂ ಒಂದಿಷ್ಟೂ ಧೈರ್ಯ ಬರಲಿಲ್ಲ.

ಐತವಾರ ಬೆಳಿಗ್ಗೆ ಅಪ್ಪ ಮೊದಲ ಬಸ್ಸಿಗೇ ಹುಮನಾಬಾದಿಗೆ ಹೋದ. ಗಂಡಿನ ಕಡೆಯ ಹಿರಿಯ ಅಂದ ಮೇಲೆ ಗಂಡಿನ ಕಡೆಯವರ ಜೊತೆಗೇ ಬರಬೇಕಲ್ಲ. ನಾನು ಹುಡುಗಿಯ ಮನೆಯಲ್ಲಿ ಅಡುಗೆಗೆ ಕೈ ಹಚ್ಚಿದ್ದೆ. ಗಲ್ಲಿಯ ಬಾಯಿಗೆ ಜೀಪು ಬಂದು ನಿಂತಿತು. ಬಿಳಿ ಟಾವೆಲು ಹಾಕಿಕೊಂಡ ಅಪ್ಪ ಎಲ್ಲರಿಗಿಂತ ಮೊದಲು ಕೆಳಗೆ ಜಿಗಿದ. ಜಿಗಿದವನೇ ಓಡಿಬಂದ. ಓಡುತ್ತ ಬಿಳಿ ಟಾವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಹಳದಿಯದನ್ನು ಹೆಗಲಿಗೆ ಹಾಕಿಕೊಂಡ, ಬಾಗಿಲಲ್ಲಿ ಹುಡುಗಿಯ ಅಪ್ಪನ ಪಕ್ಕ ನಿಂತು ಏದುಸಿರು ಬಿಡುತ್ತ ಕೈ ಮುಗಿದ. "ಬರ್ರಿ ಬರ್ರಿ, ಹಾದಿ ಆರಾಮ ಆತೇನ್ರಿ?" ಅಂತ ಆಗಷ್ಟೇ ತನ್ನ ಜೊತೆ ಬಂದವರನ್ನು ಕೇಳಿದ.

"ಆರಾಮ ಆತ್ರಿ," ಅಂದರು ಡ್ರೈವರ್ ಕಾಕಾ, ಮುಖದಲ್ಲಿ ಒಂಚೂರೂ ನಗೆಯಿಲ್ಲದೆ. ಅಪ್ಪ ಅವರಿಗೆ ಕಾಲಿಗೆ ನೀರು ಕೊಟ್ಟ. ಆಮೇಲೆ ನೆನಪಾಗಿ, ತಾನೂ ಬೀಗರ ಕಡೆಯವನಲ್ಲವಾ ಅಂತ ತನ್ನ ಕಾಲಿಗೂ ಹಾಕಿಕೊಂಡ.

ಜಮಖಾನೆ ಹಾಸಿತ್ತು. ಆ ಗೋಡೆಗೆ ಗಂಡಿನ ಕಡೆ, ಈ ಗೋಡೆಗೆ ಹೆಣ್ಣಿನ ಕಡೆ, ನಡುವೆ ಎಲೆ ಅಡಿಕೆಯ ತಾಟು. ನಾನು, ಹುಡುಗಿ, ಅವ್ವ ಅಡುಗೆಮನೆಯ ಪರದೆಯ ಹಿಂದೆ. ಅಪ್ಪ ಬಿಳಿ ಟಾವೆಲು ಹಾಕಿಕೊಂಡು ಆ ಕಡೆ ಕೂತ. ಡ್ರೈವರ್ ಕಾಕಾ ಅವನ ಕಿವಿಯಲ್ಲಿ ಪಿಸುಗುಟ್ಟಿದರು. ಅಪ್ಪ ಗಟ್ಟಿಯಾಗಿ, "ಲಗ್ನ ಹುಮನಾಬಾದಿನ್ಯಾಗ ಆಗಬೇಕಂತ ನಮ್ಮ ಇಚ್ಛಾ ಅದ್ರಿ" ಅಂದ. ಎದ್ದ. ಟಾವೆಲು ಬದಲಿಸಿದ. ಈ ಕಡೆ ಬಂದು ಕೂತ. ಹುಡುಗಿಯ ಅಪ್ಪ ಪಿಸುಗುಟ್ಟಿದ. "ಲಗ್ನ ಇಲ್ಲೇ ಕಲ್ಯಾಣದಾಗ ಆಗಬೇಕಂತ ನಮ್ಮ ಆಶಾ ಅದ್ರಿ," ಅಂದ ಅಪ್ಪ. ಮತ್ತೆ ಎದ್ದ, ಬದಲಿಸಿದ, ಆ ಕಡೆ ಕೂತ. ಅವರ ಮಾತೂ ಬರೋಬ್ಬರಿ, ಸರಿ ಅದ ಅಂದ. ಈ ಕಡೆ ಬಂದ. ಇವರ ಮಾತೂ ಬರೋಬ್ಬರಿ ಅಂದ. ಬಸ್ಸಿನಲ್ಲಿ ಮುಂದಿಂದ ಹಿಂದಕ್ಕೆ, ಹಿಂದಿಂದ ಮುಂದಕ್ಕೆ ಟಿಕೆಟ್ ಹರಿಯುತ್ತ ಓಡಾಡುತ್ತಿದ್ದನಲ್ಲ, ಅದೇ ನಡಿಗೆ. ಕೊನೆಗೆ ಲಗ್ನವನ್ನು ಎರಡೂ ಊರುಗಳ ನಡುವಿನ ರಾಜೇಶ್ವರದಲ್ಲಿ ಮಾಡುವುದೆಂದು ಗೊತ್ತಾಯಿತು. ಅಲ್ಲಿ ಎರಡೂ ಕಡೆಯವರಿಗೆ ಒಬ್ಬ ನೆಂಟನೂ ಇಲ್ಲ.

ಪರದೆಯ ಹಿಂದೆ ನಾವು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ಅಷ್ಟರಲ್ಲಿ ಡ್ರೈವರ್ ಕಾಕಾ ಮತ್ತೊಮ್ಮೆ ಅಪ್ಪನ ಕಿವಿಗೆ ಬಗ್ಗಿದರು.

ನಮ್ಮ ಕಡೆಯ ಪಿಸುಮಾತು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕೇಳುವಂಥದ್ದು. ಇಡೀ ಮನೆಗೆ ಕೇಳಿಸಿತು. ಆದರೆ ಹಿರಿಯ ಗಟ್ಟಿಯಾಗಿ ಹೇಳುವ ತನಕ ಕೇಳಿಸಿಲ್ಲ ಅಂತ ಕೂರಬೇಕು, ಎಲ್ಲರೂ ಕೂತಿದ್ದರು. ಹುಡುಗಿಯ ನಗು ನಿಂತಿತು. ನನ್ನ ಕೈ ಹಿಡಿದಳು. ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದ: "ಲಗ್ನ ಆದ ಮ್ಯಾಲ ಹುಡುಗಿ ನೌಕರಿ ಬಿಡಬೇಕು ಅಂತ... ನಮ್ಮ ಮಾತು ಅದ್ರಿ."

ಎದ್ದ. ಈ ಸಲ ನಿಧಾನಕ್ಕೆ ಎದ್ದ. ಹಳದಿ ಟಾವೆಲು ಹಾಕಿಕೊಂಡು ಈ ಕಡೆ ಬಂದು ಕೂತ. ಹುಡುಗಿಯ ಅಪ್ಪ, ಬಿಸಿಲಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ಪಿಸುಗುಟ್ಟಿದ:

"ಹೂಂ ಅಂದುಬಿಡ್ರಿ ಕಂಡಕ್ಟರ್ ಸಾಬ್. ಸಂಬಂಧ ಕೈ ಬಿಟ್ಟೀತು."

ಇದೇ ಮಾತನ್ನು ನಾನು ಇಂಥದ್ದೇ ಒಂದು ಪರದೆಯ ಹಿಂದೆ ನಿಂತು ಕೇಳಿದ್ದೆ. ಆಗ ಪಿಸುಗುಟ್ಟಿದವನು ನಮ್ಮಪ್ಪ. ಆಗಿನ ಹಿರಿಯರು ಅಪ್ಪನ ಮಾತಿನಂತೆ ಹೂಂ ಅಂದರು, ನಾನು ರಾಜೇಶ್ವರದ ಶಾಲೆ ಬಿಟ್ಟೆ. ಆ ಕೇಳಿದ್ದನ್ನು ಅಪ್ಪ ಟರ್ನ್ ಡೌನ್ ಮಾಡಲಿಲ್ಲ, ಅದಕ್ಕೇ ನಾನು ಗಿವ್ ಅಪ್ ಮಾಡಿದೆ. ನನ್ನ ಗಂಡನಿಗೆ ಆಮೇಲೆ ಕೇಳಿದರೆ, "ಹಂಗ ಯಾರು ಕೇಳಿದ್ರು? ಎಲ್ಲಾರೂ ಕೇಳ್ತಾರಂತ ನಮ್ಮವರೂ ಕೇಳಿರಬೇಕು" ಅಂದ. ಅಷ್ಟೇ ಇತ್ತು ಅದರ ಬೆಲೆ. ಮಕ್ಕಳು ದೊಡ್ಡವರಾದ ಮೇಲೆ ಮಾಳಿಗೆ ಮೇಲೆ ಕ್ಲಾಸು ಶುರು ಮಾಡಿದಾಗ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಅಪ್ಪ ಪರದೆಯ ಕಡೆ ತಿರುಗಿದ. ಪರದೆಯಲ್ಲಿ ಹುಡುಗಿ ಕಾಣುತ್ತಿರಲಿಲ್ಲ, ನಾನೂ ಕಾಣುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದ. ಗಂಡಿನ ಕಡೆಯವರು ಅವಸರ ಮಾಡಿದರು. ಡ್ರೈವರ್ ಕಾಕಾ ಪದ್ಧತಿ ಮರೆತು ತಾವೇ ಬಾಯಿ ಬಿಟ್ಟರು, "ನಮ್ಮನಿಯೊಳಗ ಹೆಣ್ಮಕ್ಕಳು ನೌಕರಿ..."

"ಹೋಲ್ಡಾನ್!"

ಅಪ್ಪನ ದನಿ. ತುಂಬಿದ ಬಸ್ಸಿನ ಹಿಂದಿನ ಬಾಗಿಲಿಂದ ಮುಂದಿನ ಗಾಜಿಗೆ ಮುಟ್ಟುವ ದನಿ. ಕಂಡಕ್ಟರ್ ಹೋಲ್ಡಾನ್ ಅಂದರೆ ಗಾಡಿ ನಿಲ್ಲಲೇಬೇಕು. ನಾನು ಕ್ಲಾಸಿನಲ್ಲಿ 'ಹೋಲ್ಡ್ ಆನ್' ಅಂದರೆ ತುಸು ತಡಿ ಅಂತ ಹೇಳಿಕೊಡುತ್ತೇನೆ, ಡ್ರೈವರ್ ಕಾಕಾ ನನ್ನ ಕ್ಲಾಸಿಗೆ ಬಂದವರಲ್ಲ. ಅವರ ಬಲಗಾಲು ತಾನಾಗಿ ಚಾಚಿ ಬ್ರೇಕು ಒತ್ತಿತು. ಎಲೆ ಅಡಿಕೆಯ ತಾಟು ಮಗುಚಿ ಅಡಿಕೆ ಎಲ್ಲ ಕಡೆ ಉರುಳಿದವು. ಕಾಕಾನ ಬಾಯಿ ಮುಚ್ಚಿತು.

ಅಪ್ಪ ಎದ್ದು ನಿಂತಿದ್ದ.

"ಈ ಮಾತಿಗಿ ಜಾಗಾ ಇಲ್ರಿ," ಅಂದ.

ಹುಡುಗಿಯ ಅಪ್ಪ ಗಾಬರಿಯಾಗಿ ಅವನ ಧೋತರ ಜಗ್ಗಿದ. ಅಪ್ಪ ಅವನಿಗೂ ತಿರುಗಿ, "ನಿಮ್ಮ ಹೂಂಗೂ ಜಾಗಾ ಇಲ್ಲ" ಅಂದ. ಒಂದೇ ಉಸಿರಿಗೆ ಎರಡು ಟರ್ನ್ ಡೌನ್. ನಾನು ಅಷ್ಟು ವರ್ಷ ಕಲಿಸಿದರೂ ಯಾವ ವಿದ್ಯಾರ್ಥಿಯೂ ಅಷ್ಟು ಚೊಕ್ಕಾಗಿ ಪ್ರಯೋಗ ಮಾಡಿಲ್ಲ.

ಸಂಬಂಧ ಮುರಿದೇ ಹೋಯಿತು ಅಂತ ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅಪ್ಪ ಹಳದಿ ಟಾವೆಲು ತೆಗೆಯುತ್ತಿದ್ದ. ಬಿಳಿಯದನ್ನು ಹಾಕಿಕೊಂಡ. ಅಡಿಕೆಗಳನ್ನು ತುಳಿಯದಂತೆ ಕಾಲಿಡುತ್ತ ಆ ಕಡೆಗೆ ಹೋಗಿ ಡ್ರೈವರ್ ಕಾಕಾನ ಪಕ್ಕ ಕೂತ. ಡ್ರೈವರ್ ಕಾಕಾ ಅವನ ಕಿವಿಗೆ ಏನೇನೋ ಬಿಸಿಬಿಸಿ ಪಿಸುಗುಟ್ಟಿದರು. ಅಪ್ಪ ತಲೆದೂಗುತ್ತ ಎಲ್ಲ ಕೇಳಿಸಿಕೊಂಡ. ಆಮೇಲೆ ಗಟ್ಟಿಯಾಗಿ ಹೇಳಿದ:

"ಹೆಣ್ಣಿನ ಕಡಿ ಹಿರ್ಯಾ ಹೇಳಿದ್ದು ಬರೋಬ್ಬರಿ ಅದ್ರಿ. ನಮ್ಮದೇನೂ ತಕರಾರ ಇಲ್ಲ."

ಮೊದಲು ನಕ್ಕವಳು ಹುಡುಗನ ಅಜ್ಜಿ. ಬೊಚ್ಚುಬಾಯಿ ಬಿಟ್ಟು ನೆಲ ಬಡಿದು ಬಡಿದು ನಕ್ಕಳು. "ತಾನೇ ಇಲ್ಲ ಅಂದ, ತಾನೇ ಹೂಂ ಅಂದ! ಇನ್ನ ನಡುವ ನಾವ್ಯಾರು ಮಾತಾಡಾಕ?" ಅಂದಳು. ಮೂಲೆಯಲ್ಲಿ ಕೂತಿದ್ದ ಹುಡುಗ ಪದ್ಧತಿ ಬಿಟ್ಟು, "ನಂಗೂ ಅಕಿ ನೌಕರಿ ಮಾಡೂದೇ ಬೇಕಾಗ್ಯದ" ಅಂತ ಹೇಳಿ ನಾಚಿಕೊಂಡ. ಹುಮನಾಬಾದಿನಲ್ಲೂ ದವಾಖಾನೆಗಳಿಗೇನು ಬರ ಇಲ್ಲ ಅಂತ ಯಾರೋ ಸೇರಿಸಿದರು. ಡ್ರೈವರ್ ಕಾಕಾ ತಮ್ಮ ಬಲಗಾಲನ್ನೇ ನೋಡುತ್ತ ಕೂತಿದ್ದರು. ಕೊನೆಗೆ ಅವರಿಗೂ ನಗು ಬಂತು. "ರೈಟ್ ಅನ್ನಪಾ ಇನ್ನರೆ, ಗಾಡಿ ಬಿಡ್ತೀನಿ" ಅಂದರು.

"ರೈಟ್!" ಅಂದ ಅಪ್ಪ. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಪರದೆಯ ಹಿಂದೆ ಹುಡುಗಿ ನನ್ನ ಹೆಗಲಿಗೆ ತಲೆ ಆನಿಸಿ ಅತ್ತಳು. ಅವ್ವ ಮಾತ್ರ ಸಾರಿಗೆ ಉಪ್ಪು ಹಾಕಿದಳು, ಆಮೇಲೆ ಮರೆತು ಇನ್ನೊಮ್ಮೆ ಹಾಕಿದಳು.

ಊಟವಾದ ಮೇಲೆ ಗಂಡಿನ ಕಡೆಯ ಹಿರಿಯನಾಗಿ ಅಪ್ಪ ಅವರನ್ನು ಹುಮನಾಬಾದಿಗೆ ಮುಟ್ಟಿಸಬೇಕಿತ್ತು. ದಾರಿಯಲ್ಲಿ ಮತ್ತೆ ಯಾವುದಕ್ಕಾದರೂ ಹೂಂ ಅಂದಾನು ಅಂತ ನಾನೂ ಜೀಪು ಹತ್ತಿದೆ. ಅಂಥದ್ದೇನೂ ಆಗಲಿಲ್ಲ. ಇಬ್ಬರು ಹಳೆಯ ಗೆಳೆಯರೂ ಮುಂದೆ ಕೂತು, ಯಾವ ತಿರುವಿನಲ್ಲಿ ಯಾವ ಟೈರು ಪಂಚರ್ ಆಗಿತ್ತು ಅನ್ನುವುದರ ಬಗ್ಗೆ ಜಗಳ ಆಡಿದರು.

ಸಂಜೆ ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು ಹತ್ತಿ ಕೂತೆವು. ಕಿಟಕಿಗೆ ಬಂದ ಯಾವ ಮಾರುವವನಿಗೂ ಅಪ್ಪ ಇಲ್ಲ ಅನ್ನಲಿಲ್ಲ. ಅವನ ತೊಡೆಯ ಮೇಲೆ ಪೇರಲಹಣ್ಣು, ಬಾಚಣಿಗೆ, ಸೌತೆಕಾಯಿ, ಹುರಿದ ಶೇಂಗಾದ ಪೊಟ್ಟಣ. ಬೆಳಿಗ್ಗೆ ಕಲಿತದ್ದು ಸಂಜೆಗೆ ಮರೆತಿದ್ದ. ಬಸ್ಸು ಹೊರಡುವಾಗ ಮೂಟೆ ಹೊತ್ತ ಹೆಂಗಸೊಬ್ಬಳು ಓಡಿಬಂದಳು. ಹೊಸ ಕಾಲದ ಕಂಡಕ್ಟರ್ ಹುಡುಗ ಮಷೀನು ಅಲ್ಲಾಡಿಸುತ್ತ ಜಾಗ ಇಲ್ಲ ಅಂದ. ಅಪ್ಪ ಸೀಟಿನಿಂದಲೇ, "ಬರ್ಲಿ ಬಿಡಪಾ, ಸರದು ಕೂಡ್ತೀವಿ" ಅಂದ. ಇಬ್ಬರ ಸೀಟಿನಲ್ಲಿ ಮೂವರು ಕೂತೆವು. ಅಪ್ಪನ ಅರ್ಧ ಮೈ ಸೀಟುಗಳ ನಡುವಿನ ಹಾದಿಗೆ ಜೋತುಬಿದ್ದಿತ್ತು.

ಅಪ್ಪ ಶೇಂಗಾದ ಪೊಟ್ಟಣ ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದ. ಬಸ್ಸು ರಾಜೇಶ್ವರದಲ್ಲಿ ನಿಂತಿತು. ಈ ಸ್ಟಾಪಿನಲ್ಲೇ ನಾನು ಬ್ಯಾಗು ಹಾಕಿಕೊಂಡು ಇಳಿಯುತ್ತಿದ್ದೆ, ಇಳಿಯುವ ತನಕ ಅಪ್ಪ ರೈಟ್ ಅನ್ನುತ್ತಿರಲಿಲ್ಲ.

"ಯವ್ವಾ," ಅಂದ ಅಪ್ಪ, ಹೊರಗೆ ನೋಡುತ್ತ. "ಇವತ್ತ ಅಂದ ಮಾತು ನಿಂದಿತ್ತು. ನಿನ್ನ ಲಗ್ನದಾಗ ಅನ್ನಬೇಕಾಗಿತ್ತು. ಆವಾಗ ಬಾಯಿಗಿ ಬರಲಿಲ್ಲ."

ಬಸ್ಸು ಬಿಟ್ಟಿತು. ಇದಕ್ಕಾಗಿ ನಾನು ವರ್ಷಗಟ್ಟಲೆ ಒಂದು ದೊಡ್ಡ ಜಗಳ ತಯಾರು ಮಾಡಿ ಇಟ್ಟುಕೊಂಡಿದ್ದೆ. ಸಿಟ್ಟು ಬಂತು, ಅಳುವೂ ಬಂತು, ಎರಡೂ ಒಟ್ಟಿಗೇ ಬಂದವು. ಮೂಟೆಯ ಹೆಂಗಸು ನನ್ನನ್ನು ನೋಡಿ ಆ ಕಡೆ ಮುಖ ಮಾಡಿದಳು.

ಅಪ್ಪ ಶೇಂಗಾದ ಪೊಟ್ಟಣ ಮುಂದೆ ಹಿಡಿದ. "ತಗೋ," ಅಂದ.

ಬೇಡ ಅನ್ನಬೇಕು ಅನಿಸಿತು. ಅನ್ನಲು ನನಗೆ ಬರುತ್ತದೆ, ದಿನಾ ಅದನ್ನೇ ಕಲಿಸುತ್ತೇನೆ.

"ಅರ್ಧಾ ಕೊಡು," ಅಂದೆ.

ಪೂರ್ತಿ ಪೊಟ್ಟಣ ನನ್ನ ಉಡಿಯೊಳಗೆ ಸುರಿದ.